ಮುದ್ರಣ ರೆಸಲ್ಯೂಶನ್

ಮುದ್ರಣ ರೆಸಲ್ಯೂಶನ್ ಎಂದರೆ ಅಚ್ಚಾಗುವ ಅಳತೆಯಲ್ಲಿ ಚಿತ್ರದ ಒಂದು ಇಂಚು ಉದ್ದಕ್ಕೆ ಬರುವ ಪಿಕ್ಸೆಲ್‌ಗಳ ಸಂಖ್ಯೆ. ಇದರ ಮಾನ ಪಿಪಿಐ. ಮುದ್ರಣಯಂತ್ರ ಕಾಗದದ ಮೇಲೆ ಇಡುವ ಮಸಿಚುಕ್ಕೆಗಳ ಮಾನವಾದ ಡಿಪಿಐ ಬೇರೆ, ಆದರೂ ಬಳಕೆಯಲ್ಲಿ ಎರಡೂ ಬೆರೆತುಹೋಗಿವೆ. ಪಿಕ್ಸೆಲ್‌ಗಳನ್ನು ರೆಸಲ್ಯೂಶನ್‌ನಿಂದ ಭಾಗಿಸಿದರೆ ಅಚ್ಚಿನ ಅಳತೆ ಸಿಗುತ್ತದೆ: 3000 × 2400 ಪಿಕ್ಸೆಲ್‌ಗಳ ಛಾಯಾಚಿತ್ರ 300 ಪಿಪಿಐನಲ್ಲಿ 10 × 8 ಇಂಚು, 150ರಲ್ಲಿ 20 × 16 ಇಂಚು. ಎ4 ಪುಟ ತುಂಬಲು 300 ಪಿಪಿಐನಲ್ಲಿ ಸುಮಾರು 2480 × 3508 ಪಿಕ್ಸೆಲ್ ಬೇಕು.

ಮುದ್ರಣಕ್ಕೆ 300 ಪಿಪಿಐ ಬೇಕೆಂಬ ರೂಢಿಗೆ ಮೂಲ ಹಾಫ್‌ಟೋನ್ ಪದ್ಧತಿ. ಛಾಯೆಗಳನ್ನು ಚುಕ್ಕೆಗಳಾಗಿ ಒಡೆಯುವ ಈ ಕ್ರಮಕ್ಕೆ ಜರ್ಮನಿಯ ಗೇಯೋರ್ಗ್ ಮೈಸೆನ್‌ಬಾಖ್ 1882ರಲ್ಲಿ ಪೇಟೆಂಟ್ ಪಡೆದನು. ಚಿತ್ರದ ಪಿಪಿಐ ಹಾಫ್‌ಟೋನ್ ಸ್ಕ್ರೀನಿನ, ಅಂದರೆ ಚುಕ್ಕೆಸಾಲುಗಳ ಜಾಲದ, ಗೆರೆಸಂಖ್ಯೆಯ ಒಂದೂವರೆಯಿಂದ ಎರಡು ಪಟ್ಟು ಇರಬೇಕೆಂಬುದು ಅಚ್ಚುಮನೆಯ ಲೆಕ್ಕ; ನುಣುಪು ಕಾಗದದ ಆಫ್‌ಸೆಟ್‌ನಲ್ಲಿ ಇಂಚಿಗೆ 150 ಗೆರೆ ಸಾಮಾನ್ಯ, ಅದರ ಎರಡು ಪಟ್ಟೇ 300. ಮಸಿ ಹೀರುವ ಪತ್ರಿಕಾ ಕಾಗದಕ್ಕೆ 200 ಪಿಪಿಐ ಸಾಕು. ದೂರದಿಂದ ನೋಡುವ ಫ್ಲೆಕ್ಸ್‌ಗಳಿಗೆ ಇನ್ನೂ ಕಡಿಮೆ ನಡೆಯುತ್ತದೆ. ಕಪ್ಪು-ಬಿಳುಪು ರೇಖಾಚಿತ್ರ ಮಾತ್ರ 1200 ಪಿಪಿಐವರೆಗೂ ಕೇಳುತ್ತದೆ, ಇಲ್ಲವಾದರೆ ರೇಖೆಯ ಅಂಚು ಗರಗಸದ ಹಲ್ಲಿನಂತೆ ಕಾಣುತ್ತದೆ.

ಸಾಫ್ಟ್‌ವೇರ್‌ನಲ್ಲಿ ಪಿಪಿಐ ಅಂಕಿಯನ್ನಷ್ಟೇ ತಿದ್ದಿದರೆ ಅಚ್ಚಿನ ಅಳತೆ ಬದಲಾಗುತ್ತದೆ, ಪಿಕ್ಸೆಲ್ ಹೆಚ್ಚುವುದಿಲ್ಲ. ಪಿಕ್ಸೆಲ್ ಸಂಖ್ಯೆಯನ್ನೇ ಹೆಚ್ಚಿಸಲು ರೀಸ್ಯಾಂಪಲ್ ಮಾಡಿದಾಗ ಹೊಸ ಪಿಕ್ಸೆಲ್‌ಗಳು ಅಕ್ಕಪಕ್ಕದವುಗಳ ಅಂದಾಜಿನಿಂದ ಹುಟ್ಟುತ್ತವೆ. ಪಿಕ್ಸೆಲ್‌ಗಳ ಬದಲು ರೇಖೆಗಳ ಲೆಕ್ಕದಿಂದ ರಚಿಸಿದ ವೆಕ್ಟರ್ ಲಾಂಛನಗಳಿಗೆ ಪಿಕ್ಸೆಲ್ ಸಂಖ್ಯೆಯ ಈ ಮಿತಿ ಇಲ್ಲ.