ಮಂಟೇಸ್ವಾಮಿಯ ಪರೀಕ್ಷೆ: ನೀತಿ ಮತ್ತು ದೇವರು

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದಲ್ಲಿ ಮಂಟೇಸ್ವಾಮಿಯವರ ಗದ್ದುಗೆಯಿದೆ. ನೀತಿಯಿಂದ ದೇವರನ್ನು ಊಹಿಸಬಹುದೆ ಎಂಬ ಪ್ರಶ್ನೆಗೆ ನೀಲಗಾರರು ಹಾಡುವ ಅವರ ಕಾವ್ಯದ ಕಲ್ಯಾಣಪ್ರಸಂಗವು ವಿಚಾರಾರ್ಹವಾದುದು. 1,96,000 ಜಂಗಮರ ಆ ಪಟ್ಟಣಕ್ಕೆ ಸ್ವಾಮಿಯು ಕುಷ್ಠರೋಗಿಯಂತೆ, ಅಸಹ್ಯ ರೂಪದಲ್ಲಿ ಬಂದಾಗ ಬಾಗಿಲಲ್ಲಿಯೇ ತಡೆಯುಂಟಾಗುತ್ತದೆ. ಕಡೆಗೆ ಬರಮಾಡಿಕೊಂಡವರು ಬಸವಣ್ಣ, ನೀಲಮ್ಮ. ಇದು 12ನೆಯ ಶತಮಾನದ ಇತಿಹಾಸವಲ್ಲ. ಹಾಡಿದವರ ನೀತಿಪ್ರಜ್ಞೆಯ ಇತಿಹಾಸವಂತೂ ಹೌದು. ಲಕ್ಷ ಜನ ಒಪ್ಪಿದ ಆಚಾರವೂ ತಪ್ಪಾಗಬಹುದಾದರೆ, ಅದನ್ನು ಅಳೆಯುವ ಕೋಲು ಆ ಜನರು ಮಾಡಿದ್ದಲ್ಲ. ಇಷ್ಟು ಮಾತ್ರ ತರ್ಕಕ್ಕೆ ನಿಲ್ಲುತ್ತದೆ. ಅದು ದೇವರ ಕೈಯ ಕೋಲೆಂಬುದು ಭಕ್ತಿಯ ಮಾತು. ಹೊರಗೆ ನಿಂತವನ ನೋವೇ ಅಳತೆಗೆ ಸಾಲದೆ, ದೇವರೇಕೆ ಎಂಬ ಆಕ್ಷೇಪವೂ ನ್ಯಾಯವಾದುದೇ. ನೀಲಗಾರರಿಗಾದರೋ ಅದು ತಗಲದು: ಅವರ ಹಾಡಿನಲ್ಲಿ ಹೊರಗೆ ನಿಂತವನೇ ಪರಂಜ್ಯೋತಿ.