ಅರಸಿಲ್ಲದ ನಾಡು: ‘ಅರಾಜಕತೆ’ ಎಂಬ ಪದದ ಜಾಡು ಹಿಡಿದು

1987ರಲ್ಲಿ ನಡೆದ ಒಂದು ಸಣ್ಣ ಪ್ರಸಂಗದಿಂದ ಈ ಬರಹವನ್ನು ಆರಂಭಿಸುತ್ತೇನೆ. ಬಿ.ಎಡ್. ಮುಗಿಸಿ ಪ್ರೌಢಶಾಲೆಗೆ ಸಮಾಜ ವಿಜ್ಞಾನದ ಶಿಕ್ಷಕನಾಗಿ ಸೇರಿ ಆಗ ಇನ್ನೂ ಎರಡು ವರ್ಷ ತುಂಬಿರಲಿಲ್ಲ. ಒಂದು ದಿನ ಬಂಗಾಳದ ಪಾಲ ವಂಶದ ಪಾಠ ನಡೆಯುತ್ತಿತ್ತು. ದೇಶದಲ್ಲಿ ಅರಾಜಕತೆ ಹಬ್ಬಿದ್ದರಿಂದ ಜನರು ಗೋಪಾಲನೆಂಬವನನ್ನು ದೊರೆಯನ್ನಾಗಿ ಆರಿಸಿಕೊಂಡರು ಎಂದು ಹೇಳಿ, ‘ಅರಾಜಕತೆ ಎಂದರೆ ರಾಜನಿಲ್ಲದ ಸ್ಥಿತಿ, ರಾಜನಿಲ್ಲದಿದ್ದರೆ ಎಲ್ಲೆಡೆಯೂ ಲೂಟಿ, ಕೊಲೆ, ಗೊಂದಲ’ ಎಂದು ಕಪ್ಪುಹಲಗೆಯ ಮೇಲೆ ಬರೆದೆ.

ಆ ದಿನಗಳಲ್ಲಿ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ರಾಮಾನಂದ ಸಾಗರರ ‘ರಾಮಾಯಣ’ ಪ್ರಸಾರವಾಗುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಟಿ.ವಿ. ಇದ್ದ ಮನೆಗಳ ಬಾಗಿಲಲ್ಲಿ ಚಪ್ಪಲಿಗಳ ರಾಶಿ ಬೀಳುತ್ತಿತ್ತು. ಬಹುಶಃ ಅದರ ಪ್ರಭಾವವೇ ಇರಬೇಕು, ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ಹಾಗಾದರೆ ಭರತ ಸಿಂಹಾಸನದ ಮೇಲೆ ಪಾದುಕೆ ಇಟ್ಟನಲ್ಲ, ಆ ಹದಿನಾಲ್ಕು ವರ್ಷ ಅಯೋಧ್ಯೆಯಲ್ಲಿ ಅರಾಜಕತೆ ಇತ್ತಾ?” ಎಂದು ಕೇಳಿದಳು. ತರಗತಿ ಗೊಳ್ಳೆಂದು ನಕ್ಕಿತು. ನನಗೆ ಉತ್ತರ ತಿಳಿಯಲಿಲ್ಲ. ತಿಳಿಯದೆಂದು ಒಪ್ಪಿಕೊಳ್ಳುವ ಧೈರ್ಯ ಆ ವಯಸ್ಸಿನಲ್ಲಿ ಇರಲಿಲ್ಲ. ಡಸ್ಟರನ್ನು ಮೇಜಿಗೆ ಬಡಿದು, “ಪಾಠದಲ್ಲಿ ಇರುವುದನ್ನು ಕೇಳು, ಕೂತುಕೋ” ಎಂದು ಗದರಿಸಿದೆ. ಅವಳು ಕುಳಿತಳು. ವರ್ಷದ ಕೊನೆಯವರೆಗೂ ಅವಳು ಮತ್ತೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ನಿವೃತ್ತಿಯ ನಂತರ ದೊರೆತ ಬಿಡುವಿನಲ್ಲಿ ಆ ಪದದ ಜಾಡು ಹಿಡಿದು ಹೊರಟೆ. ಕಂಡುಕೊಂಡ ಕೆಲವು ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪದದ ರಚನೆಯನ್ನು ನೋಡೋಣ. ಇಂಗ್ಲಿಷಿನ ‘ಅನಾರ್ಕಿ’ ಮೂಲತಃ ಗ್ರೀಕ್ ಪದ. ಅಲ್ಲಿ ಅದು ‘ಅನಾರ್ಖಿಯಾ’. ಅದರ ಮೊದಲಿನ ‘ಅನ್’ ನಮಗೆ ಅಪರಿಚಿತವಲ್ಲ. ಸಂಸ್ಕೃತದಲ್ಲಿ ನಿಷೇಧವನ್ನು ಸೂಚಿಸಲು ವ್ಯಂಜನದ ಮುಂದೆ ‘ಅ’, ಸ್ವರದ ಮುಂದೆ ‘ಅನ್’ ಬರುತ್ತದೆ: ವಿದ್ಯೆಗೆ ಅವಿದ್ಯೆ, ಅಂತಕ್ಕೆ ಅನಂತ. ಗ್ರೀಕಿನಲ್ಲಿಯೂ ನಿಯಮ ಇದೇ. ಎರಡೂ ಭಾಷೆಗಳು ಒಂದೇ ಮೂಲದಿಂದ ಬಂದವು. ಇನ್ನು ‘ಆರ್ಖೇ’ ಎಂಬ ಪದಕ್ಕೆ ಎರಡು ಅರ್ಥಗಳಿವೆ: ಒಂದು ಆಳ್ವಿಕೆ, ಇನ್ನೊಂದು ಆದಿ. ಆದ್ದರಿಂದ ‘ಅನಾರ್ಖೋಸ್’ ಎಂದರೆ ಒಡೆಯನಿಲ್ಲದವನು ಎಂದೂ ಆಗುತ್ತದೆ, ಆದಿಯಿಲ್ಲದವನು ಎಂದೂ ಆಗುತ್ತದೆ. ಗ್ರೀಕ್ ಕ್ರೈಸ್ತ ಧರ್ಮಗುರುಗಳು ಇದೇ ಪದವನ್ನು ದೇವರಿಗೆ ವಿಶೇಷಣವಾಗಿ ಬಳಸಿದರು. ನಮ್ಮ ‘ಅನಾದಿ’ಗೆ ಸರಿಸಮವಾದ ಪ್ರಯೋಗವದು. ಇಂದು ಬೈಗುಳವಾಗಿರುವ ಪದವೊಂದು ಒಮ್ಮೆ ದೇವರ ಸ್ತುತಿಯೂ ಆಗಿತ್ತೆಂಬುದು ನನಗೆ ಬಹಳ ಸೋಜಿಗವೆನಿಸಿತು.

ಆ ಪದದ ಚರಿತ್ರೆಯಲ್ಲಿ ಮುಖ್ಯವಾದ ಘಟನೆ ನಡೆದದ್ದು ಅಥೆನ್ಸ್ ನಗರದಲ್ಲಿ. ನಮ್ಮಲ್ಲಿ ಸಂವತ್ಸರಗಳಿಗೆ ಪ್ರಭವ, ವಿಭವ ಎಂದು ಅರವತ್ತು ಹೆಸರುಗಳಿರುವಂತೆ, ಅಥೆನ್ಸಿನಲ್ಲಿ ಪ್ರತಿ ವರ್ಷಕ್ಕೂ ಆ ವರ್ಷದ ಮುಖ್ಯ ಅಧಿಕಾರಿಯ ಹೆಸರು ಇರುತ್ತಿತ್ತು. ಅವನನ್ನು ‘ಆರ್ಖಾನ್’ ಎನ್ನುತ್ತಿದ್ದರು. ಕ್ರಿ.ಪೂ. 594ರಲ್ಲಿ ಆರ್ಖಾನ್ ಆಗಿದ್ದ ಸೋಲನ್ ಸುಧಾರಣೆಗಳನ್ನು ತಂದ ಕೆಲವೇ ವರ್ಷಗಳಲ್ಲಿ ಪಕ್ಷಗಳ ಕಲಹದಿಂದ ಆರ್ಖಾನನನ್ನು ನೇಮಿಸಲಾಗದೆ ಹೋಯಿತು. ಅಂತಹ ವರ್ಷವೇ ‘ಅನಾರ್ಖಿಯಾ’, ಅಂದರೆ ಆರ್ಖಾನ್ ಇಲ್ಲದ ವರ್ಷ. ಲೆಕ್ಕದ ಪುಸ್ತಕದಲ್ಲಿ ಖಾಲಿ ಬಿಟ್ಟ ಒಂದು ಸಾಲಿನಂತೆ.

ಕ್ರಿ.ಪೂ. 404ರಲ್ಲಿ ನಡೆದದ್ದು ಬೇರೆ. ಸ್ಪಾರ್ಟಾದೊಡನೆ ನಡೆದ ದೀರ್ಘ ಯುದ್ಧದಲ್ಲಿ ಅಥೆನ್ಸ್ ಸೋತಿತು. ಗೆದ್ದವರ ಬೆಂಬಲದಿಂದ ಮೂವತ್ತು ಮಂದಿಯ ಕೂಟವೊಂದು ಅಧಿಕಾರ ಹಿಡಿಯಿತು. ಚರಿತ್ರೆಯಲ್ಲಿ ಅವರಿಗೆ ‘ಮೂವತ್ತು ನಿರಂಕುಶರು’ ಎಂದೇ ಹೆಸರು. ಕೆಲವೇ ತಿಂಗಳುಗಳಲ್ಲಿ ಸುಮಾರು 1500 ಜನರನ್ನು ಅವರು ಕೊಲ್ಲಿಸಿದರು. ಸಿರಿವಂತರ ಆಸ್ತಿ ಕಸಿದುಕೊಂಡರು. ಅನೇಕರನ್ನು ನಗರದಿಂದ ಅಟ್ಟಿದರು. ಆ ವರ್ಷಕ್ಕೆ ಆರ್ಖಾನನೂ ಇದ್ದ, ಪಿಥೊಡೋರಸ್ ಎಂಬವನು. ದೇಶಭ್ರಷ್ಟರಾಗಿದ್ದವರು ಥ್ರಾಸಿಬುಲಸನ ನಾಯಕತ್ವದಲ್ಲಿ ಹಿಂದಿರುಗಿ, ಕ್ರಿ.ಪೂ. 403ರಲ್ಲಿ ಪ್ರಜಾಪ್ರಭುತ್ವ ಮರಳಿತು. ಆಗ ಅಥೆನ್ಸಿನ ಜನರು ಪಿಥೊಡೋರಸನ ಹೆಸರನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅವನು ನ್ಯಾಯವಾಗಿ ಆರಿಸಲ್ಪಟ್ಟವನಲ್ಲ ಎಂಬುದೇ ಕಾರಣ. ಆ ವರ್ಷವನ್ನು ಅವರು ‘ಅನಾರ್ಖಿಯಾ’ ಎಂದು ಕರೆದರು. ಇತಿಹಾಸಕಾರ ಕ್ಸೆನೊಫೋನ್ ಇದನ್ನು ದಾಖಲಿಸಿದ್ದಾನೆ.

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಕುಳಿತಿದ್ದೆ. ಆಳುವವರು ಒಬ್ಬರಲ್ಲ, ಮೂವತ್ತು ಜನ ಇದ್ದರು. ಆಜ್ಞೆಗಳಿದ್ದವು, ಸೆರೆಮನೆಯಿತ್ತು, ಮರಣದಂಡನೆಯಿತ್ತು. ಆದರೂ ಆ ಜನರ ದೃಷ್ಟಿಯಲ್ಲಿ ಅದು ಆಳ್ವಿಕೆಯಿಲ್ಲದ ವರ್ಷ. ನಾನು ಕಪ್ಪುಹಲಗೆಯ ಮೇಲೆ ಬರೆದಿದ್ದ ವ್ಯಾಖ್ಯೆ ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ತಪ್ಪಾಗಿತ್ತು!

ಇನ್ನು ನಮ್ಮ ದೇಶಕ್ಕೆ ಬರೋಣ. ‘ಅರಾಜಕ’ ಎಂಬ ಪದ ಗ್ರೀಕಿನಿಂದ ಎರವಲು ತಂದುದಲ್ಲ, ಇಲ್ಲಿಯದೇ. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ ದಶರಥ ತೀರಿಕೊಂಡ ಮರುದಿನ ಮಾರ್ಕಂಡೇಯ ಮೊದಲಾದವರು ವಸಿಷ್ಠರ ಮುಂದೆ ನಿಂತು, ಅರಸನಿಲ್ಲದ ದೇಶದ ಅನಿಷ್ಟಗಳನ್ನು ಒಂದೊಂದಾಗಿ ಹೇಳುತ್ತಾರೆ. ಅಲ್ಲಿ ಮಳೆ ಬಾರದು, ಬಿತ್ತನೆ ನಡೆಯದು, ವರ್ತಕರು ನಿರ್ಭಯವಾಗಿ ಪ್ರಯಾಣ ಮಾಡಲಾರರು, ಬಾಗಿಲು ತೆರೆದಿಟ್ಟು ಯಾರೂ ಮಲಗಲಾರರು, ಮೀನುಗಳಂತೆ ಜನರು ಒಬ್ಬರನ್ನೊಬ್ಬರು ನುಂಗುತ್ತಾರೆ. ದೊಡ್ಡ ಮೀನು ಸಣ್ಣ ಮೀನನ್ನು ನುಂಗುವ ಈ ಸ್ಥಿತಿಯನ್ನೇ ಕೌಟಿಲ್ಯನ ಅರ್ಥಶಾಸ್ತ್ರ ‘ಮಾತ್ಸ್ಯನ್ಯಾಯ’ ಎನ್ನುತ್ತದೆ. ನಾನು ಪಾಠ ಮಾಡಿದ ಗೋಪಾಲನ ಕಥೆಯಲ್ಲಿಯೂ ಅದೇ ಮಾತಿದೆ. ಅವನ ಮಗ ಧರ್ಮಪಾಲನ ಖಾಲಿಂಪುರ ತಾಮ್ರಶಾಸನದ ಪ್ರಕಾರ, ಎಂಟನೆಯ ಶತಮಾನದಲ್ಲಿ ಮಾತ್ಸ್ಯನ್ಯಾಯವನ್ನು ಕೊನೆಗಾಣಿಸಲು ಪ್ರಜೆಗಳೇ ಗೋಪಾಲನಿಗೆ ರಾಜ್ಯಲಕ್ಷ್ಮಿಯ ಕೈ ಹಿಡಿಸಿದರು. ಈ ಭಯವನ್ನು ಹಗುರವಾಗಿ ಕಾಣಬಾರದು. ಕೇಳುವವರಿಲ್ಲದ ಕಡೆ ಮೊದಲು ಪೆಟ್ಟು ಬೀಳುವುದು ಬಡವನಿಗೆ, ಒಂಟಿ ಹೆಂಗಸಿಗೆ.

ಆದರೆ ಅದೇ ಪರಂಪರೆಯಲ್ಲಿ ಇನ್ನೊಂದು ಧ್ವನಿಯೂ ಇದೆ. ಮಹಾಭಾರತದ ಶಾಂತಿಪರ್ವದಲ್ಲಿ ಶರಶಯ್ಯೆಯ ಮೇಲಿನ ಭೀಷ್ಮ ಧರ್ಮರಾಯನಿಗೆ ರಾಜ್ಯದ ಹುಟ್ಟನ್ನು ವಿವರಿಸುತ್ತಾನೆ. ಒಂದು ಕಡೆ ಅವನು ಮೀನುಗಳ ದೃಷ್ಟಾಂತವನ್ನೇ ಹೇಳಿ, ಜನರು ಬ್ರಹ್ಮನಲ್ಲಿ ಮೊರೆಯಿಟ್ಟು ಮನುವನ್ನು ಅರಸನಾಗಿ ಪಡೆದರೆನ್ನುತ್ತಾನೆ. ಧಾನ್ಯದಲ್ಲಿ ಹತ್ತರಲ್ಲೊಂದು, ಪಶು ಮತ್ತು ಚಿನ್ನದಲ್ಲಿ ಐವತ್ತರಲ್ಲೊಂದು ಪಾಲು ಕೊಡುವುದಾಗಿ ಒಪ್ಪಂದವಾಗುತ್ತದೆ. ಆದರೆ ಅದಕ್ಕೂ ಮುಂಚಿನ ಅಧ್ಯಾಯವೊಂದರಲ್ಲಿ ಅದೇ ಭೀಷ್ಮ ಹೇಳುವ ಕಥೆ ಬೇರೆ. ಕೃತಯುಗದಲ್ಲಿ ರಾಜ್ಯವಾಗಲಿ ರಾಜನಾಗಲಿ ಇರಲಿಲ್ಲ. ದಂಡನೆಯೂ ಇರಲಿಲ್ಲ, ದಂಡಿಸುವವನೂ ಇರಲಿಲ್ಲ. ಜನರು ಧರ್ಮದಿಂದಲೇ ಒಬ್ಬರನ್ನೊಬ್ಬರು ಕಾಪಾಡಿಕೊಳ್ಳುತ್ತಿದ್ದರು. ಮೋಹ, ಲೋಭಗಳು ಹೊಕ್ಕ ಮೇಲೆ ಅರಸನ ಅಗತ್ಯ ಉಂಟಾಯಿತು. ಅಂದರೆ ಒಂದೇ ಗ್ರಂಥದಲ್ಲಿ ಅರಸನಿಲ್ಲದ ಸ್ಥಿತಿ ನರಕವೂ ಹೌದು, ಕೃತಯುಗವೂ ಹೌದು. ನಮ್ಮ ಪಠ್ಯಪುಸ್ತಕದಲ್ಲಿ ಮೀನಿನ ಕಥೆ ಮಾತ್ರ ಉಳಿದಿತ್ತು.

ಯುರೋಪಿನಲ್ಲಿ ಈ ಪದ ಬಹುಕಾಲ ಬೈಗುಳವಾಗಿಯೇ ಇತ್ತು. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ, 1793ರಲ್ಲಿ, ಬ್ರಿಸೊ ಎಂಬ ನಾಯಕ ತನಗಿಂತ ಉಗ್ರವಾದಿಗಳಾದವರನ್ನು ‘ಅನಾರ್ಕಿಸ್ಟರು’ ಎಂದು ಜರೆದನು. ಆ ಹೆಸರನ್ನು ಮೊದಲಬಾರಿಗೆ ಹೆಮ್ಮೆಯಿಂದ ತನಗೆ ತಾನೇ ಇಟ್ಟುಕೊಂಡವನು ಪ್ರೂಧೋಂ, 1840ರಲ್ಲಿ. ಸ್ವತ್ತು ಎಂದರೇನು ಎಂದು ವಿಚಾರಿಸುವ ತನ್ನ ಗ್ರಂಥದಲ್ಲಿ ಅವನು ತಾನು ಅರಾಜಕವಾದಿ ಎಂದು ಸಾರಿದ. ಒಡೆಯನಿಲ್ಲದಿರುವುದಕ್ಕೂ ವ್ಯವಸ್ಥೆಯಿಲ್ಲದಿರುವುದಕ್ಕೂ ವ್ಯತ್ಯಾಸವಿದೆ ಎಂಬುದು ಅವನ ವಾದ. ಮುಂದೆ ರಷ್ಯದ ಕುಲೀನ ಮನೆತನದಲ್ಲಿ ಹುಟ್ಟಿದ ಕ್ರೊಪೊಟ್ಕಿನ್ ಸೈಬೀರಿಯದಲ್ಲಿ ಪ್ರಾಣಿಗಳ ಬದುಕನ್ನು ಕಂಡು, ಪರಸ್ಪರ ಸಹಾಯದ ಬಗ್ಗೆ 1902ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದ. ಜೀವಲೋಕದಲ್ಲಿ ನುಂಗುವುದಷ್ಟೇ ಅಲ್ಲ, ಕೂಡಿ ಬಾಳುವುದೂ ನಿಯಮವೇ ಎಂದ. ಮಾತ್ಸ್ಯನ್ಯಾಯಕ್ಕೆ ಇದು ನೇರ ಉತ್ತರವೆಂದು ನನಗೆ ತೋರುತ್ತದೆ.

ಈ ಹೆಸರಿಗೆ ರಕ್ತದ ಕಲೆಯೂ ಅಂಟಿದೆ. 1900ರಲ್ಲಿ ಇಟಲಿಯ ದೊರೆ ಉಂಬರ್ಟೊ, 1901ರಲ್ಲಿ ಅಮೆರಿಕದ ಅಧ್ಯಕ್ಷ ಮೆಕಿನ್ಲೆ ಅರಾಜಕವಾದಿಗಳ ಗುಂಡಿಗೆ ಬಲಿಯಾದರು. ಆದರೆ ಹೆಸರೇ ಅಪರಾಧವಾದ ಪ್ರಸಂಗವೂ ಉಂಟು. ದಿನಕ್ಕೆ ಎಂಟು ಗಂಟೆ ದುಡಿಮೆಗಾಗಿ ಹೋರಾಟ ನಡೆಯುತ್ತಿದ್ದ ಶಿಕಾಗೊ ನಗರದಲ್ಲಿ 1886ರ ಮೇ 4ರಂದು ಸಭೆಯೊಂದರಲ್ಲಿ ಬಾಂಬು ಸಿಡಿಯಿತು. ಎಸೆದವನು ಯಾರೆಂದು ಕೊನೆಗೂ ತಿಳಿಯಲಿಲ್ಲ. ಆದರೂ ಎಂಟು ಜನರ ವಿಚಾರಣೆ ನಡೆದು, 1887ರ ನವೆಂಬರ್ 11ರಂದು ನಾಲ್ವರನ್ನು ಗಲ್ಲಿಗೇರಿಸಲಾಯಿತು; ಇನ್ನೊಬ್ಬ ಸೆರೆಮನೆಯಲ್ಲಿಯೇ ಪ್ರಾಣ ಕಳೆದುಕೊಂಡ. 1893ರಲ್ಲಿ ಆ ರಾಜ್ಯದ ಗವರ್ನರ್ ಆಲ್ಟ್‌ಗೆಲ್ಡ್, ವಿಚಾರಣೆ ನ್ಯಾಯವಾಗಿ ನಡೆದಿರಲಿಲ್ಲವೆಂದು ಹೇಳಿ ಉಳಿದ ಮೂವರನ್ನು ಬಿಡುಗಡೆ ಮಾಡಿದ. ಮೇ ದಿನಾಚರಣೆಯ ಹಿಂದೆ ಇರುವುದು ಈ ಕಥೆ.

ಬ್ರಿಟಿಷರು ಇದೇ ಪದವನ್ನು ಭಾರತಕ್ಕೆ ತಂದು ನಮ್ಮ ಕ್ರಾಂತಿಕಾರಿಗಳಿಗೆ ಅಂಟಿಸಿದರು. ರೌಲಟ್ ಕಾಯಿದೆಯನ್ನು ನಾನು ಎಷ್ಟೋ ವರ್ಷ ಪಾಠ ಮಾಡಿದ್ದೇನೆ. ನೀವೂ ಐದು ಅಂಕದ ಪ್ರಶ್ನೆಗೆ ಉತ್ತರ ಬರೆದಿದ್ದೀರಿ. ಆದರೆ ಅದರ ಪೂರ್ಣ ಹೆಸರನ್ನು ನಾನು ಗಮನಿಸಿದ್ದು ನಿವೃತ್ತಿಯ ನಂತರ. ಅದು ‘1919ರ ಅರಾಜಕ ಮತ್ತು ಕ್ರಾಂತಿಕಾರಿ ಅಪರಾಧಗಳ ಕಾಯಿದೆ’. ವಿಚಾರಣೆಯಿಲ್ಲದೆ ಬಂಧಿಸಿಡುವ, ಜ್ಯೂರಿಯಿಲ್ಲದೆ ವಿಚಾರಣೆ ನಡೆಸುವ, ಮೇಲ್ಮನವಿಗೆ ಅವಕಾಶವೇ ಇಲ್ಲದ ಕಾಯಿದೆಯದು. ಅದನ್ನು ವಿರೋಧಿಸಿ ಎದ್ದ ಚಳವಳಿಯ ನಡುವೆಯೇ, ಆ ವರ್ಷದ ಏಪ್ರಿಲ್ 13ರಂದು, ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ಸೈನ್ಯ ಗುಂಡು ಹಾರಿಸಿತು. ಸರ್ಕಾರದ ಲೆಕ್ಕದಂತೆಯೇ ಸತ್ತವರು 379. ಅಂದು ಅರಾಜಕರು ಯಾರು? ಕಾಯಿದೆಯ ಶೀರ್ಷಿಕೆಯಲ್ಲಿ ಒಂದು ಉತ್ತರವಿದೆ. ಅಥೆನ್ಸಿನ ಜನರನ್ನು ಕೇಳಿದ್ದರೆ ಬೇರೆ ಉತ್ತರ ಬರುತ್ತಿತ್ತು.

ಅದಕ್ಕೆ ಮೂರು ವರ್ಷ ಮೊದಲೇ ಗಾಂಧೀಜಿಯವರು ಈ ಪದವನ್ನು ಕೈಗೆತ್ತಿಕೊಂಡಿದ್ದರು. 1916ರ ಫೆಬ್ರವರಿಯಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯದ ಸಮಾರಂಭದಲ್ಲಿ, ಆಭರಣ ತೊಟ್ಟ ಮಹಾರಾಜರು ವೇದಿಕೆಯ ಮೇಲಿರುವಾಗಲೇ, ತಾವೂ ಒಬ್ಬ ಅರಾಜಕವಾದಿ, ಆದರೆ ಬೇರೆ ಬಗೆಯವನು ಎಂದರು. ಆನಿ ಬೆಸೆಂಟರು ಭಾಷಣ ನಿಲ್ಲಿಸುವಂತೆ ಹೇಳಿದರು, ಸಭೆ ಅರ್ಧದಲ್ಲೇ ಮುರಿಯಿತು. ಗಾಂಧೀಜಿ ಬಾಂಬಿನ ಮಾರ್ಗವನ್ನು ಖಂಡಿಸಿದ್ದರು. ಆದರೆ ಭಯದಿಂದ ನಡೆಯುವ ಆಳ್ವಿಕೆಯನ್ನೂ ಒಪ್ಪಲಿಲ್ಲ. 1931ರಲ್ಲಿ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ, ಪ್ರತಿಯೊಬ್ಬನೂ ತನ್ನನ್ನು ತಾನೇ ಆಳಿಕೊಳ್ಳುವ ‘ಪ್ರಬುದ್ಧ ಅರಾಜಕತೆ’ಯೇ ಆದರ್ಶವೆಂದು ಬರೆದರು. ಕಾಶಿಯ ಆ ಭಾಷಣದ ವರದಿಯನ್ನು ಓದಿ ಆಕರ್ಷಿತರಾದ ತರುಣರೊಬ್ಬರು ಅದೇ ವರ್ಷ ಗಾಂಧೀಜಿಯವರ ಆಶ್ರಮ ಸೇರಿದರು. ಅವರೇ ವಿನೋಬಾ ಭಾವೆ. ಶಾಸನಮುಕ್ತ ಸಮಾಜದ ಕನಸನ್ನು ಹೊತ್ತು ಊರೂರು ನಡೆದ ವಿನೋಬಾರ ಗ್ರಾಮದಾನದ ವಿಚಾರವನ್ನು ಚರ್ಚಿಸಲು 1957ರ ಸೆಪ್ಟೆಂಬರಿನಲ್ಲಿ ನಮ್ಮ ಮೈಸೂರಿನ ಬಳಿಯ ಯಲವಾಲದಲ್ಲಿ ಪರಿಷತ್ತು ಸೇರಿತು. ಪ್ರಧಾನಿ ನೆಹರೂ ಅವರೂ ಬಂದಿದ್ದರು. ಸರ್ಕಾರವಿಲ್ಲದ ಸಮಾಜವನ್ನು ಬಯಸುವವರ ಮಾತು ಕೇಳಲು ಸರ್ಕಾರದ ಮುಖ್ಯಸ್ಥರೇ ಬಂದು ಕುಳಿತದ್ದು ಸಣ್ಣ ಸಂಗತಿಯಲ್ಲ.

ಈಗ ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ. ಮಾರ್ಕಂಡೇಯಾದಿಗಳು ಅಷ್ಟೆಲ್ಲ ಅನಿಷ್ಟಗಳನ್ನು ಎಣಿಸಿದ್ದು ಬೇಗ ಒಬ್ಬ ಅರಸನನ್ನು ಕೂರಿಸಬೇಕೆಂದು. ಆದರೆ ಕರೆತಂದ ಭರತನು ಸಿಂಹಾಸನ ಏರಲೇ ಇಲ್ಲ. ಅಲ್ಲಿ ಪಾದುಕೆಗಳನ್ನಿಟ್ಟು, ತಾನು ನಾರುಡೆಯುಟ್ಟು ನಂದಿಗ್ರಾಮದಲ್ಲಿ ನೆಲೆಸಿದ. ಪ್ರತಿಯೊಂದು ಕಾರ್ಯವನ್ನೂ ಮೊದಲು ಆ ಪಾದುಕೆಗಳಿಗೆ ನಿವೇದಿಸುತ್ತಿದ್ದ. ಹದಿನಾಲ್ಕು ವರ್ಷ ಅಯೋಧ್ಯೆಯ ಸಿಂಹಾಸನದ ಮೇಲೆ ಮನುಷ್ಯನೇ ಇರಲಿಲ್ಲ. ಆದರೂ ಅದು ಅರಾಜಕವಾಗಲಿಲ್ಲ. ಏಕೆಂದರೆ ಅಧಿಕಾರ ತನ್ನದಲ್ಲ, ತಾನು ಉತ್ತರ ಹೇಳಬೇಕಾದವನು ಎಂಬ ಅರಿವು ಆಳುವವನಲ್ಲಿತ್ತು. ಅಥೆನ್ಸಿನ ಮೂವತ್ತು ಮಂದಿಯಲ್ಲಿ ಆ ಅರಿವು ಇರಲಿಲ್ಲ. ಅದಕ್ಕಾಗಿಯೇ ಅಷ್ಟು ಒಡೆಯರಿದ್ದರೂ ಅದು ಅನಾರ್ಖಿಯಾ. ಆದ್ದರಿಂದ ಯಾರಾದರೂ ‘ಅರಾಜಕತೆ’ ಎಂದು ಕೂಗಿದಾಗ, ಅಲ್ಲಿ ಇಲ್ಲದಿರುವುದು ಒಡೆಯನೋ ನ್ಯಾಯವೋ ಎಂದು ಮೊದಲು ವಿಚಾರಿಸಬೇಕು.

ಅಂದು ನಾನು ಡಸ್ಟರ್ ಬಡಿದ ಮೇಲೆ ತರಗತಿ ಸದ್ದಿಲ್ಲದೆ ಕುಳಿತಿತ್ತು. ಆ ಮೌನವನ್ನು ಶಿಸ್ತು ಎಂದು ತಿಳಿದು ನಾನು ಪಾಠ ಮುಂದುವರಿಸಿದೆ. ಆ ಹುಡುಗಿ ಈಗ ಎಲ್ಲಿದ್ದಾಳೋ, ಐವತ್ತು ದಾಟಿರಬೇಕು. ಆ ವರ್ಷ ಅವಳೊಡನೆ ಓದಿದವರು ಯಾರಾದರೂ ಇದನ್ನು ಓದುತ್ತಿದ್ದರೆ, ಅವಳ ಪ್ರಶ್ನೆ ಪಾಠದಲ್ಲಿಯೇ ಇತ್ತೆಂದು ಮೇಷ್ಟ್ರು ಒಪ್ಪಿಕೊಂಡಿದ್ದಾರೆ ಎಂದು ಅವಳಿಗೆ ದಯವಿಟ್ಟು ತಿಳಿಸಿ.