ಕಿಟಕಿಗೊಂದು ಮರದ ಟೊಪ್ಪಿಗೆ

ಬೆಂಗಳೂರಿನಲ್ಲಿ 1809ರಲ್ಲಿ ದಂಡು ನೆಲೆಗೊಂಡ ಬಳಿಕ ಹೊಸ ಬಗೆಯ ಬಂಗಲೆಗಳು ತಲೆಯೆತ್ತಿದವು. ಅವುಗಳ ಕಿಟಕಿಯ ಮೇಲೆ ಮುಂದಕ್ಕೆ ಚಾಚಿದ, ಚೂಪು ತುದಿಯ ಮರದ ಟೊಪ್ಪಿಗೆಯೇ ‘ಮಂಕಿ ಟಾಪ್’. ಮಂಗಗಳಿಂದಾಗಿ ಈ ಹೆಸರು ಬಂತೆಂಬ ಮಾತಿದೆ. ಆದರೆ ಅದರ ಮುಖ್ಯ ಕೆಲಸ ಬಿಸಿಲು, ಮಳೆಯನ್ನು ತಡೆಯುವುದು. ಸಾಲಾಗಿ ಇಳಿಬಿಟ್ಟ ಮರದ ಪಟ್ಟಿಗಳು ನೆರಳು ನೀಡಿದರೆ, ನಡುವಿನ ಸಂದುಗಳಲ್ಲಿ ಗಾಳಿಯಾಡುತ್ತದೆ. ಮಳೆ ಬರುವಾಗಲೂ ಕಿಟಕಿ ತೆರೆದಿಡಬಹುದು.

ಗಾಜು ದಾಟಿ ಒಳಬಂದ ಬಿಸಿಲನ್ನು ಪರದೆ ಮರೆಮಾಡೀತೇ ಹೊರತು, ಅದರ ಶಾಖವನ್ನೆಲ್ಲ ಹೊರಗಟ್ಟಲಾರದು. ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು ಎಂಬುದೇ ಮಂಕಿ ಟಾಪ್‌ನ ಗುಟ್ಟು.

ನಿವೇಶನದ ಬೆಲೆ ಏರಿದಂತೆ ಇಂಥ ಅನೇಕ ಬಂಗಲೆಗಳು ಉರುಳಿ, ಬಹುಮಹಡಿ ಕಟ್ಟಡಗಳು ಎದ್ದವು. ಬಂಗಲೆ ಹೋದರೂ ಪಾಠ ಉಳಿದಿದೆ: ಹೊಸ ಮನೆಗೆ ಕಿಟಕಿ ಆರಿಸುವವರು ಗಾಜಿನ ಬೆಲೆ ಕೇಳುವ ಮೊದಲು ನೆರಳಿನ ಬಗ್ಗೆ ಯೋಚಿಸುವುದು ಲೇಸು.